ಸ್ಟೀರಾಯ್ಡ್ ಮತ್ತು ಆಂಟಿಬಯಾಟಿಕ್ ಸೇರಿರುವ ಟ್ಯೂಬ್: ಉಳಿದದ್ದನ್ನು ಮತ್ತೆ ಹಚ್ಚಬಹುದಾ?

ನೀರ್ಚಾಲಿನವಳು
ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ. ಅಪ್ಪನಿಗೆ ಮಳೆಗಾಲದಲ್ಲಿ ತೋಟದ ಕೆಲಸ ಮಾಡುವಾಗ ಕಣಕಾಲಿನ ಸುತ್ತ ಕೆಂಪಾಗಿ ತುರಿಕೆ ಶುರುವಾಯಿತು. ಕೆರೆದು ಕೆರೆದು ನೀರು ಒಸರಿ, ಮೇಲೆ ಹಳದಿ ಹಕ್ಕಳೆ ಕಟ್ಟಿತು. ಡಾಕ್ಟರು ನೋಡಿ ಇದು ಇಸಬು, ಮೇಲಿಂದ ಸೋಂಕೂ ಹತ್ತಿದೆ ಅಂದರು. ಬೆಟಾಮೆಥಸೋನ್ ಮತ್ತು ಫ್ಯೂಸಿಡಿಕ್ ಆ್ಯಸಿಡ್ ಎರಡೂ ಇರುವ ಟ್ಯೂಬ್ ಬರೆದರು. ದಿನಕ್ಕೆ ಎರಡು ಸಲ, ಒಂದು ವಾರ, ಮತ್ತೆ ನಿಲ್ಲಿಸಿ ಅಂದರು. ವಾಸಿಯೂ ಆಯಿತು.

ಸಮಸ್ಯೆ ಈಗ. ಟ್ಯೂಬಿನಲ್ಲಿ ಅರ್ಧ ಉಳಿದಿದೆ. ಅಪ್ಪ ಎಲ್ಲಿ ತುರಿಸಿದರೂ ಅದನ್ನೇ ಹಚ್ಚುತ್ತಾರೆ. ಈಗ ತೊಡೆ ಸಂದಿಗೂ ಹಚ್ಚಲು ಶುರು ಮಾಡಿದ್ದಾರೆ. ಮೊನ್ನೆ ಅತ್ತಿಗೆ, ಮಗುವಿಗೆ ಡೈಪರ್ ಕಟ್ಟುವ ಜಾಗ ಕೆಂಪಾಗಿದೆ ಅಂತ ಅದೇ ಟ್ಯೂಬ್ ಕೈಗೆ ತೆಗೆದುಕೊಂಡರು. ನಾನು ತಡೆದೆ. "ಡಾಕ್ಟರೇ ಕೊಟ್ಟದ್ದಲ್ವಾ, ಎಂತ ಆಗ್ತದೆ" ಅಂತ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು. ಬೇಡ ಅಂತ ಮನಸ್ಸು ಹೇಳುತ್ತದೆ, ಆದರೆ ಯಾಕೆ ಬೇಡ ಅಂತ ಬಿಡಿಸಿ ಹೇಳಲು ಆಗುತ್ತಿಲ್ಲ.

ಕುಂಬಳೆ ಕಡಲು
ತಡೆದದ್ದು ಒಳ್ಳೆಯದಾಯಿತು ಅಕ್ಕ. ಮಗುವಿಗೆ ಖಂಡಿತ ಬೇಡ.

ಅಡಿಕೆತೋಟ ಪೆರ್ಲ
ನಮ್ಮ ಕಡೆ ಮಳೆಗಾಲದಲ್ಲಿ ಪ್ರತಿ ಮನೆಯಲ್ಲೂ ಇದೇ ಕಥೆ. ಕಾಲು ಇಡೀ ದಿನ ಕೆಸರಲ್ಲಿ, ಗಂಬೂಟು ಹಾಕಿದರೆ ಒಳಗೆ ಬೆವರು. ಮೇಲಿಂದ ತುತ್ತು-ಸುಣ್ಣದ ಮದ್ದು ಬಿಡುವಾಗ ಮೈಮೇಲೆ ಬೀಳುತ್ತದೆ. ಯಾರಿಗೆ ತುರಿಕೆ ಆದರೂ ಪೇಟೆಗೆ ಹೋಗಿ "ತುರಿಕೆಯ ಟ್ಯೂಬ್ ಕೊಡಿ" ಅನ್ನುವುದು, ಅವರು ಒಂದು ಕೊಡುವುದು. ಎರಡು ದಿನದಲ್ಲಿ ಕಡಿಮೆ ಆಗುವುದಂತೂ ಹೌದು. ಹಾಗಾಗಿ ಅದೇ ಒಳ್ಳೆಯ ಮದ್ದು ಅಂತ ಎಲ್ಲರೂ ನಂಬಿದ್ದಾರೆ.

ಒ.ಪಿ. ಸಿಸ್ಟರ್
ನಾನು ಮಂಗಳೂರಿನ ಒಂದು ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನರ್ಸ್. ಊರು ಬದಿಯಡ್ಕದ ಹತ್ತಿರ. ಕಾಸರಗೋಡು ಕಡೆಯಿಂದ ಬರುವವರನ್ನು ದಿನಾ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಆ ಟ್ಯೂಬಿನಲ್ಲಿ ಎರಡು ಮದ್ದು, ಎರಡು ಬೇರೆ ಬೇರೆ ಕೆಲಸ. ಬೆಟಾಮೆಥಸೋನ್ ಸ್ಟೀರಾಯ್ಡ್. ಉರಿ, ಕೆಂಪು, ತುರಿಕೆ ಇಳಿಸುತ್ತದೆ. ಫ್ಯೂಸಿಡಿಕ್ ಆ್ಯಸಿಡ್ ಆಂಟಿಬಯಾಟಿಕ್. ಕೆರೆದ ಜಾಗದಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ, ಮುಖ್ಯವಾಗಿ ಸ್ಟ್ಯಾಫಿಲೊಕಾಕಸ್, ಅದನ್ನು ತಡೆಯುತ್ತದೆ. ನಿಮ್ಮ ಅಪ್ಪನಿಗೆ ಮೊದಲು ಆದದ್ದು ಇಸಬು, ಜೊತೆಗೆ ಹಳದಿ ಹಕ್ಕಳೆ. ಅಲ್ಲಿ ಎರಡಕ್ಕೂ ಕೆಲಸ ಇತ್ತು. ಡಾಕ್ಟರು ಕೊಟ್ಟದ್ದೂ ಸರಿ, ಒಂದು ವಾರ ಅಂದದ್ದೂ ಸರಿ.

ಈಗ ತೊಡೆ ಸಂದಿಯಲ್ಲಿ ಆಗಿರುವುದು ಇಸಬು ಅಂತ ಯಾರು ಹೇಳಿದರು? ಮಳೆಗಾಲದಲ್ಲಿ ತೊಡೆ ಸಂದಿಯ ತುರಿಕೆ ಹೆಚ್ಚಾಗಿ ಫಂಗಸ್. ಹುಳುಕಡ್ಡಿ ಅನ್ನುತ್ತಾರಲ್ವಾ, ಅದು. ಈ ಟ್ಯೂಬಿನಲ್ಲಿ ಫಂಗಸ್‌ಗೆ ಮದ್ದೇ ಇಲ್ಲ. ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಕೆಂಪು ಕಡಿಮೆ ಆಗುತ್ತದೆ, ಆದರೆ ಫಂಗಸ್ ಒಳಗೆ ಆರಾಮವಾಗಿ ಬೆಳೆಯುತ್ತದೆ. ಹೊಗೆ ಓಡಿಸಿ ಬೆಂಕಿ ಹಾಗೇ ಬಿಟ್ಟ ಹಾಗೆ. ನಿಲ್ಲಿಸಿದ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ಆಗ ಮತ್ತೆ ಹಚ್ಚುತ್ತಾರೆ. ಕೆಲವು ತಿಂಗಳು ಹೀಗೆ ಹೋದರೆ ಉಂಗುರದ ಆಕಾರವೇ ಅಳಿಸಿ ಹೋಗಿ ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗುತ್ತದೆ. ಇದಕ್ಕೆ ಟಿನಿಯಾ ಇನ್‌ಕಾಗ್ನಿಟೊ ಅಂತ ಹೆಸರು.

ಮೇಲಾಗಿ ತೊಡೆ ಸಂದಿಯ ಚರ್ಮ ತೆಳು. ಮದ್ದು ಜಾಸ್ತಿ ಹೀರುತ್ತದೆ. ಅಲ್ಲಿ ಗೀರು ಬಿದ್ದರೆ, ಹೊಟ್ಟೆ ಮೇಲೆ ಬಸುರಿಯರಿಗೆ ಬೀಳುತ್ತದಲ್ವಾ ಆ ತರಹದ್ದು, ಮತ್ತೆ ಹೋಗುವುದಿಲ್ಲ.

ನೀರ್ಚಾಲಿನವಳು
ಸಿಸ್ಟರ್, ತುಂಬಾ ಉಪಕಾರ. ಡೈಪರ್ ವಿಷಯವೂ ಹೇಳಿ. ಅತ್ತಿಗೆಗೆ ಇದನ್ನೇ ತೋರಿಸುತ್ತೇನೆ. ಮಗುವಿಗೆ ಇನ್ನೂ ವರ್ಷ ತುಂಬಿಲ್ಲ.

ಒ.ಪಿ. ಸಿಸ್ಟರ್
ಬೆಟಾಮೆಥಸೋನ್ ಶಕ್ತಿ ಜಾಸ್ತಿ ಇರುವ ಸ್ಟೀರಾಯ್ಡ್. ವರ್ಷ ತುಂಬದ ಮಕ್ಕಳ ಡೈಪರ್ ಕೆಂಪಿಗೆ ಅದನ್ನು ಹಚ್ಚಲೇಬಾರದು. ಡೈಪರ್ ಪ್ಲಾಸ್ಟಿಕ್ ಸುತ್ತಿದ ಹಾಗೆ. ಒಳಗೆ ಹಚ್ಚಿದ್ದು ಹಲವು ಪಟ್ಟು ಒಳಹೋಗುತ್ತದೆ. ತುಂಬಾ ದಿನ ಹಚ್ಚಿದರೆ ರಕ್ತಕ್ಕೆ ಸೇರಿ ಮಗುವಿನ ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕುಗ್ಗುತ್ತದೆ. ಮುಖ ಊದಿ ದುಂಡಗಾಗುವುದು, ಬೆಳವಣಿಗೆ ನಿಧಾನ ಆಗುವುದು, ಎಲ್ಲ ಉಂಟು. ಡೈಪರ್ ಕೆಂಪಿನಲ್ಲಿ ಕ್ಯಾಂಡಿಡಾ ಅನ್ನುವ ಫಂಗಸ್ ಕೂಡ ಆಗಾಗ ಇರುತ್ತದೆ, ಅದಕ್ಕೂ ಈ ಟ್ಯೂಬ್ ಪ್ರಯೋಜನ ಇಲ್ಲ. ಡೈಪರ್ ಬಿಚ್ಚಿ ಗಾಳಿ ಆಡಲು ಬಿಡಿ, ಬೇಗ ಬೇಗ ಬದಲಿಸಿ, ಝಿಂಕ್ ಆಕ್ಸೈಡ್ ಇರುವ ಕ್ರೀಮ್ ದಪ್ಪ ಹಚ್ಚಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಗುಳ್ಳೆ ಕಂಡರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಉಪ್ಪಳ ದುಬೈ
ನಾನು ಊರಿಗೆ ಬರುವಾಗ ಪ್ರತಿ ಸಲ ಮನೆಯವರು ತರಿಸುವ ಲಿಸ್ಟ್‌ನಲ್ಲಿ ಇಂಥದ್ದೇ ಟ್ಯೂಬ್ ಇರುತ್ತದೆ. ಗಲ್ಫ್ ಮದ್ದು ಅಂದರೆ ಪವರ್ ಜಾಸ್ತಿ ಅಂತ ನಂಬಿಕೆ. ಒಳಗಿನ ಮದ್ದು ಒಂದೇ ತಾನೇ? ಹಾಗಾದರೆ ಅದನ್ನು ಇನ್ನು ತರಬಾರದಾ?

ಮಂಜೇಶ್ವರ ಫಾರ್ಮಸಿ
ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಹೌದು ಅಣ್ಣ, ಒಳಗಿನ ಮದ್ದು ಒಂದೇ. ತಂದು ಹಂಚಬೇಡಿ. ಯಾರಿಗೆ ಯಾವ ಕಾಯಿಲೆ ಅಂತ ನಿಮಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ.

ಪೆರ್ಲದ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಮಾತು. ಎಲ್ಲ ಅಂಗಡಿಯವರೂ ಚೀಟಿ ಇಲ್ಲದೆ ಕೊಡುತ್ತಾರೆ ಅಂತ ಹೇಳಬೇಡಿ. ಮೊದಲು ಹಚ್ಚುವ ಸ್ಟೀರಾಯ್ಡ್‌ಗಳಿಗೆ ನಿಯಮ ಸಡಿಲ ಇತ್ತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಅಡಿಗೆ ತಂದಿತು. ಅಂದರೆ ಡಾಕ್ಟರ ಚೀಟಿ ಬೇಕೇ ಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎರಡು ಮೂರು ಮದ್ದು ಒಂದರಲ್ಲೇ ಸೇರಿಸಿದ 328 ಮಿಶ್ರಣಗಳನ್ನು ನಿಷೇಧಿಸಿದಾಗ ಚರ್ಮದ ಕೆಲವು ಟ್ಯೂಬ್‌ಗಳೂ ಹೋದವು. ನಾನು ಚೀಟಿ ಕೇಳಿದರೆ ಜನ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಗಡಿ ದಾಟಿ ತಲಪಾಡಿ ಆಚೆ ಹೋಗಿ ತರುತ್ತೇನೆ ಅನ್ನುವವರೂ ಇದ್ದಾರೆ.

ಅಡಿಕೆತೋಟ ಪೆರ್ಲ
ಎಲ್ಲರೂ ಅಂತ ನಾನು ಹೇಳಿಲ್ಲ. ಆದರೆ ಕೊಡುವವರು ಇರುವುದರಿಂದಲೇ ಕೇಳುವವರು ಹೋಗುವುದು. ಚರ್ಮದ ಡಾಕ್ಟರಿಗೆ ತೋರಿಸಬೇಕು ಅಂದರೆ ನಮಗೆ ಒಂದು ದಿನದ ಕೆಲಸ ಹೋಗುತ್ತದೆ. ಬಸ್ಸಿಗೆ ಕಾಯಬೇಕು, ಚೀಟಿ ಮಾಡಿಸಬೇಕು, ಅಲ್ಲಿ ಮಲಯಾಳದಲ್ಲಿ ಹೇಳಿದ್ದು ಅಮ್ಮನಂಥವರಿಗೆ ಅರ್ಧ ತಿಳಿಯುವುದಿಲ್ಲ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಂಜೇಶ್ವರ ಫಾರ್ಮಸಿ
ಅದು ನಿಜ, ಒಪ್ಪುತ್ತೇನೆ. ದೂರ ಹೋಗಲು ಆಗದವರಿಗೆ ಇ-ಸಂಜೀವನಿ ಉಂಟು, ಸರ್ಕಾರದ್ದೇ, ಫೋನಿನಲ್ಲಿ ಡಾಕ್ಟರಿಗೆ ತೋರಿಸಬಹುದು. ಬೆಳಕಿನಲ್ಲಿ ತೆಗೆದ ಫೋಟೋ ಇಟ್ಟುಕೊಂಡರೆ ಚರ್ಮದ ವಿಷಯಕ್ಕೆ ತುಂಬಾ ಸಹಾಯ.

ಪುಟ್ಟಿಯ ಅಮ್ಮ
ಇಲ್ಲಿ ಎಲ್ಲರೂ ಹೆದರಿಸುವುದೇ ಆಯಿತು. ನಾನು ಬೇರೆ ಮಾತು ಹೇಳಬೇಕು. ನನ್ನ ಮಗಳಿಗೆ ಚಿಕ್ಕಂದಿನಿಂದ ಇಸಬು. ಮೊಣಕೈ ಮಡಿಕೆ, ಮಂಡಿ ಹಿಂದೆ, ಕುತ್ತಿಗೆ. ಸ್ಟೀರಾಯ್ಡ್ ಅಂದ ಕೂಡಲೇ ನೆಂಟರೆಲ್ಲ "ಅಯ್ಯೋ ವಿಷ, ಹಚ್ಚಬೇಡ" ಅಂದರು. ಬರೀ ತೆಂಗಿನೆಣ್ಣೆ ಹಚ್ಚುತ್ತಾ ಕೂತರೆ ಮಗು ರಾತ್ರಿ ಇಡೀ ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು, ಶಾಲೆಯಲ್ಲಿ ನಿದ್ದೆ. ಡಾಕ್ಟರು ಹೇಳಿದ ಹಾಗೆ ಹೈಡ್ರೋಕಾರ್ಟಿಸೋನ್ ಅನ್ನುವ ಹಗುರ ಸ್ಟೀರಾಯ್ಡ್, ಜೋರಿದ್ದಾಗ ಸ್ವಲ್ಪ ದಿನ ಅದಕ್ಕಿಂತ ಶಕ್ತಿಯ ಮೊಮೆಟಸೋನ್, ಮತ್ತೆ ನಿಲ್ಲಿಸಿ ಬರೀ ಮಾಯಿಶ್ಚರೈಸರ್. ಈಗ ಮಗು ನಗುತ್ತಾ ಇರುತ್ತದೆ. ಹೆದರಿ ಹಚ್ಚದೆ ಇರುವುದೂ ಮಕ್ಕಳಿಗೆ ಮಾಡುವ ಅನ್ಯಾಯವೇ. ದಯವಿಟ್ಟು ಸ್ಟೀರಾಯ್ಡ್ ಕೆಟ್ಟದ್ದು ಅಂತ ಬರೆಯಬೇಡಿ.

ಒ.ಪಿ. ಸಿಸ್ಟರ್
ನೂರಕ್ಕೆ ನೂರು ಒಪ್ಪಿದೆ ಅಕ್ಕ. ಇಸಬಿಗೆ ಸ್ಟೀರಾಯ್ಡೇ ಮುಖ್ಯ ಮದ್ದು. ನನ್ನ ಜಗಳ ಸ್ಟೀರಾಯ್ಡ್ ಮೇಲೆ ಅಲ್ಲ. ಯಾವ ಕಾಯಿಲೆ ಅಂತ ನೋಡದೆ ಹಚ್ಚುವುದರ ಮೇಲೆ, ಮತ್ತೆ ಬೇಡದಿದ್ದರೂ ಆಂಟಿಬಯಾಟಿಕ್ ಸೇರಿಸಿ ಹಚ್ಚುವುದರ ಮೇಲೆ. ನಿಮ್ಮ ಮಗಳ ಮದ್ದಿನಲ್ಲಿ ಆಂಟಿಬಯಾಟಿಕ್ ಇಲ್ಲ, ಗಮನಿಸಿದಿರಾ? ಅಲ್ಲೇ ವಿಷಯ ಇರುವುದು.

ಕೆಂಪಾದ ಇಸಬೆಲ್ಲ ಸೋಂಕಲ್ಲ. ಕೆರೆದರೆ ಒಸರುವುದೂ ಉಂಟು. ಬ್ರಿಟನ್‌ನಲ್ಲಿ ಸೋಂಕು ಹತ್ತಿದ ಹಾಗೆ ಕಾಣುವ ಇಸಬಿನ 113 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಸ್ಟೀರಾಯ್ಡ್ ಮತ್ತು ಮಾಯಿಶ್ಚರೈಸರ್ ಕೊಟ್ಟು, ಕೆಲವರಿಗೆ ಕುಡಿಯುವ ಆಂಟಿಬಯಾಟಿಕ್, ಕೆಲವರಿಗೆ ಹಚ್ಚುವ ಫ್ಯೂಸಿಡಿಕ್ ಆ್ಯಸಿಡ್ ಸೇರಿಸಿದರು. ಕಾಯಿಲೆ ಜೋರಿಲ್ಲದ ಮಕ್ಕಳಲ್ಲಿ ಆಂಟಿಬಯಾಟಿಕ್‌ನಿಂದ ಹೇಳುವಂಥ ಲಾಭ ಕಾಣಲಿಲ್ಲ. ಅಲ್ಲಿನ 2021ರ ಮಾರ್ಗಸೂಚಿಯಲ್ಲೂ, ಜ್ವರ ಇಲ್ಲದ, ಮೈ ಹುಷಾರಿರುವ ಇಸಬಿನವರಿಗೆ ಸುಮ್ನೆ ಆಂಟಿಬಯಾಟಿಕ್ ಕೊಡಬೇಡಿ ಅಂತಲೇ ಇದೆ. ಆಂಟಿಬಯಾಟಿಕ್ ಹಚ್ಚುವುದೇ ಬೇಕಾದರೆ ಸಣ್ಣ ಜಾಗಕ್ಕೆ, 5ರಿಂದ 7 ದಿನ.

ಮುಳ್ಳೇರಿಯಾ ಮೇಷ್ಟ್ರು
ಸಿಸ್ಟರ್, ಒಂದು ಸಂಶಯ. ಆಂಟಿಬಯಾಟಿಕ್ ಹೇಗೂ ಹೊರಗೆ ಹಚ್ಚುವುದಲ್ಲವೇ? ಹೊಟ್ಟೆಗೆ ಹೋಗುವುದಿಲ್ಲ. ಬೇಡದಿದ್ದರೂ ಹಚ್ಚಿದರೆ ನಷ್ಟ ಏನು? ನಮ್ಮ ಶಾಲೆಯ ಮಕ್ಕಳಿಗೆ ಗಾಯ ಆದಾಗಲೂ ಇಂಥದ್ದನ್ನೇ ಹಚ್ಚುತ್ತಾರೆ.

ಮಂಜೇಶ್ವರ ಫಾರ್ಮಸಿ
ನಷ್ಟ ಉಂಟು ಮೇಷ್ಟ್ರೇ. ಬ್ಯಾಕ್ಟೀರಿಯಾ ಇರುವುದೇ ಚರ್ಮದ ಮೇಲೆ. ಆಗಾಗ ಫ್ಯೂಸಿಡಿಕ್ ಆ್ಯಸಿಡ್ ಹಚ್ಚಿದರೆ ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಉಳಿದು ಮನೆಯವರಿಗೆಲ್ಲ ಹರಡುತ್ತದೆ. ನಾಳೆ ನಿಜವಾದ ಸೋಂಕಿಗೆ ಅದೇ ಮದ್ದು ಕೆಲಸ ಮಾಡುವುದಿಲ್ಲ. ನಮ್ಮ ಕೇರಳದಲ್ಲಿ 2024ರ ಜನವರಿಯಿಂದ ಆಪರೇಷನ್ ಅಮೃತ್ ಅಂತ, ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ ಕಣ್ಣಿಟ್ಟಿದ್ದಾರೆ. ಆಂಟಿಬಯಾಟಿಕ್ ಮಾತ್ರೆ ನೀಲಿ ಕವರಿನಲ್ಲಿ ಕೊಡಬೇಕು ಅಂತ ಆದದ್ದು ನೀವು ನೋಡಿರಬಹುದು. ಆದರೆ ಜನ ಮಾತ್ರೆಯನ್ನು ಮಾತ್ರ ಆಂಟಿಬಯಾಟಿಕ್ ಅಂತ ತಿಳಿದಿದ್ದಾರೆ. ಟ್ಯೂಬಿನ ಒಳಗಿರುವುದೂ ಅದೇ.

ಶಾಲೆಯ ಗಾಯಕ್ಕೆ ಸ್ಟೀರಾಯ್ಡ್ ಇರುವ ಟ್ಯೂಬ್ ಬೇಡವೇ ಬೇಡ. ಗಾಯ ಮಾಯುವುದು ತಡ ಆಗುತ್ತದೆ. ಸೋಪು, ಹರಿಯುವ ನೀರು, ಶುದ್ಧ ಬಟ್ಟೆ. ಅಷ್ಟು ಸಾಕು.

ಆದೂರು ಹಳ್ಳಿಮದ್ದು
ಇಷ್ಟೆಲ್ಲ ತೊಂದರೆ ಇದ್ದರೆ ಬೇವಿನ ಎಲೆ ಕುದಿಸಿದ ನೀರಲ್ಲಿ ತೊಳೆದು ಅರಸಿನ ಹಚ್ಚುವುದೇ ಒಳ್ಳೆಯದು. ನಮ್ಮ ಅಜ್ಜಿಯರ ಕಾಲದಲ್ಲಿ ಯಾವ ಟ್ಯೂಬ್ ಇತ್ತು?

ಕುಂಬಳೆ ಕಡಲು
ಅಜ್ಜಿಯರ ಕಾಲದಲ್ಲಿ ಕಾಲು ಕೊಳೆತು ತಿಂಗಳುಗಟ್ಟಲೆ ಮಲಗಿದವರೂ ಇದ್ದರು, ಅದನ್ನೂ ಹೇಳಿ. ಒಸರುವ ಇಸಬಿಗೆ ಅರಸಿನ ಹಾಕಿದರೆ ಉರಿ ಜಾಸ್ತಿ ಆಗುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಆದೂರು ಹಳ್ಳಿಮದ್ದು
ಒಬ್ಬರಿಗೆ ಉರಿದರೆ ಎಲ್ಲರಿಗೂ ಉರಿಯುತ್ತದಾ? ಸುಮ್ನೆ ತಳ್ಳಿಹಾಕಬೇಡಿ. ಕಾಸರಗೋಡಿನಲ್ಲೇ ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿನವರಿಗೆ ಆಯುರ್ವೇದ, ಯೋಗ, ಬ್ಯಾಂಡೇಜ್ ಎಲ್ಲ ಸೇರಿಸಿ ಚಿಕಿತ್ಸೆ ಕೊಡುತ್ತಾರೆ. ದೂರದ ಊರುಗಳಿಂದಲೂ ಜನ ಬರುತ್ತಾರೆ.

ಒ.ಪಿ. ಸಿಸ್ಟರ್
ಬರುತ್ತಾರೆ, ಒಳ್ಳೆಯ ಕೆಲಸ ಅದು. ಆದರೆ ಅವರು ಕಾಯಿಲೆ ಗುರುತಿಸಿಯೇ ಶುರು ಮಾಡುವುದು ಅಣ್ಣ. ಕಾಲು ತೊಳೆದು ಬೆರಳ ಸಂದಿ ಒಣಗಿಸುವುದು ಊದಿದ ಕಾಲಿನವರ ಚಿಕಿತ್ಸೆಯಲ್ಲಿ ದೊಡ್ಡ ಭಾಗ. ಬ್ಯಾಕ್ಟೀರಿಯಾ ಒಳಹೋಗುವ ಬಾಗಿಲು ಆ ಸಂದಿಯೇ. ತೋಟದಲ್ಲಿ ಕೆಲಸ ಮಾಡುವವರು ಸಂಜೆ ಇಷ್ಟು ಮಾಡಿದರೆ ಅರ್ಧ ತೊಂದರೆ ಇಲ್ಲ.

ಇನ್ನೊಂದು ತುಂಬಾ ಮುಖ್ಯ. ಕಾಲು ಕೆಂಪಾಗಿ ಬಿಸಿಯಾಗಿ ಊದಿ, ನೋವು, ಜ್ವರ, ಚಳಿ ಇದ್ದರೆ ಟ್ಯೂಬ್ ಹಿಡಿದು ಕೂರಬೇಡಿ. ಅದು ಸೆಲ್ಯುಲೈಟಿಸ್, ಅಂದರೆ ಚರ್ಮದ ಆಳಕ್ಕೆ ಇಳಿದ ಸೋಂಕು, ಇರಬಹುದು. ಹೊಟ್ಟೆಗೆ ಅಥವಾ ನರಕ್ಕೆ ಆಂಟಿಬಯಾಟಿಕ್ ಬೇಕು, ಅದೇ ದಿನ. ಸಕ್ಕರೆ ಕಾಯಿಲೆ ಇರುವವರು ಒಂದು ರಾತ್ರಿಯೂ ತಡ ಮಾಡಬೇಡಿ. ಹಾಗೆಯೇ ಇಸಬಿನ ಮೇಲೆ ಒಂದೇ ಅಳತೆಯ ಸಣ್ಣ ನೀರುಗುಳ್ಳೆ ಗುಂಪಾಗಿ ಎದ್ದು ನೋವು ಬಂದರೆ ಅದು ಹರ್ಪಿಸ್ ವೈರಸ್ ಇರಬಹುದು. ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ದೊಡ್ಡ ಅಪಾಯ.

ಹೊಸಂಗಡಿ ಟೈಲರ್
ನನ್ನ ಪ್ರಶ್ನೆ ಬೇರೆ. ಮದುವೆಗೆ ಮುಂಚೆ ಹುಡುಗಿಯರು ಬೆಳ್ಳಗಾಗಲು ಇಂಥದ್ದೇ ಹಚ್ಚುತ್ತಾರೆ. ಬ್ಲೌಸ್ ಅಳತೆಗೆ ಬರುವಾಗ ನೋಡುತ್ತೇನೆ, ಮುಖ ಕೆಂಪು, ಕೆನ್ನೆಯಲ್ಲಿ ಕೂದಲು, ಬಿಸಿಲಿಗೆ ಹೋಗಲು ಆಗುವುದಿಲ್ಲ. ಮಲಪ್ಪುರಂನಲ್ಲಿ ಕ್ರೀಮ್ ಹಚ್ಚಿ ಕೆಲವರಿಗೆ ಕಿಡ್ನಿ ಕಾಯಿಲೆ ಬಂದದ್ದೂ ಇದರಿಂದಲೇ ಅಲ್ವಾ?

ಮಂಜೇಶ್ವರ ಫಾರ್ಮಸಿ
ಅದು ಬೇರೆ ಅಕ್ಕ. 2023ರಲ್ಲಿ ಮಲಪ್ಪುರಂನಲ್ಲಿ ಕಂಡದ್ದು ಪಾದರಸ ಇರುವ ಫೇರ್‌ನೆಸ್ ಕ್ರೀಮ್‌ನಿಂದ. ಇಂಥ ಕ್ರೀಮ್‌ಗಳನ್ನು ಹಿಡಿಯಲು ಆಪರೇಷನ್ ಸೌಂದರ್ಯ ಅಂತ ಕೇರಳದಲ್ಲಿ ತಪಾಸಣೆಯೂ ಮಾಡಿದರು. ನೀವು ಹೇಳುವ ಕೆಂಪು, ಕೂದಲು, ಮೊಡವೆ, ಉರಿ ಎಲ್ಲ ಸ್ಟೀರಾಯ್ಡ್‌ನದ್ದು. ಎರಡೂ ಕೆಟ್ಟದ್ದೇ, ಆದರೆ ಕಾರಣ ಬೇರೆ.

ಒ.ಪಿ. ಸಿಸ್ಟರ್
ಅಂಥ ಹುಡುಗಿಯರಿಗೆ ಟ್ಯೂಬ್ ಬಿಸಾಡು ಅಂತ ಹೇಳಿ ಕಳಿಸಿಬಿಡಬೇಡಿ ಅಕ್ಕ. ತಿಂಗಳುಗಟ್ಟಲೆ ಹಚ್ಚಿದ್ದನ್ನು ಒಮ್ಮೆಲೇ ಬಿಟ್ಟರೆ ಮುಖ ಬೆಂಕಿಯ ಹಾಗೆ ಉರಿದು ಊದುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮದ ಡಾಕ್ಟರಿಗೆ ತೋರಿಸಿ ಬಿಡಿಸಬೇಕು. ಭಾರತದ ಚರ್ಮ ವೈದ್ಯರ ಸಂಘ ಐ.ಎ.ಡಿ.ವಿ.ಎಲ್. ಈ ದುರ್ಬಳಕೆ ತಡೆಯಲೆಂದೇ ಒಂದು ಕಾರ್ಯಪಡೆ ಮಾಡಿದೆ. ಅಷ್ಟು ಜಾಸ್ತಿ ಆಗಿದೆ ಇದು. ಕಣ್ಣಿನ ಹತ್ತಿರ ತುಂಬಾ ಕಾಲ ಹಚ್ಚಿದರೆ ಗ್ಲಾಕೋಮಾ, ಅಂದರೆ ಕಣ್ಣಿನ ಒಳಗಿನ ಒತ್ತಡ ಏರುವ ಕಾಯಿಲೆ, ಮತ್ತೆ ಪೊರೆ ಬರುವುದೂ ಉಂಟು.

ಪುಟ್ಟಿಯ ಅಮ್ಮ
ಎಷ್ಟು ಹಚ್ಚಬೇಕು ಅಂತ ಯಾರೂ ಬರೆದಿಲ್ಲ. ನಮಗೆ ಡಾಕ್ಟರು ಬೆರಳ ಲೆಕ್ಕ ಹೇಳಿಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಕೆಂಪಿರುವ ಕಡೆ ಮಾತ್ರ ತೆಳುವಾಗಿ. ಮಾಯಿಶ್ಚರೈಸರ್ ಬೇರೆ ಹೊತ್ತಿಗೆ, ನಡುವೆ ಅರ್ಧ ಗಂಟೆ ಬಿಟ್ಟು. ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಬೇಡಿ, ಡಾಕ್ಟರು ಹೇಳಿದರೆ ಮಾತ್ರ. ಅಪ್ಪನ ಒಂದು ಪಾದಕ್ಕೆ ಆದರೆ ಇಂಥ ಎರಡು ಬೆರಳಷ್ಟು ಬೇಕಾಗಬಹುದು.

ಉಪ್ಪಳ ದುಬೈ
ಇದು ಗೊತ್ತೇ ಇರಲಿಲ್ಲ. ಮನೆಯ ಗ್ರೂಪಿಗೆ ಕಳಿಸಿದೆ. ಮತ್ತೊಂದು, ಮೂರು ಮದ್ದು ಇರುವ ಟ್ಯೂಬ್ ಬರುತ್ತದಲ್ವಾ, ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಮದ್ದು ಎಲ್ಲ ಒಂದರಲ್ಲೇ. ಅದಾದರೆ ಯಾವ ಕಾಯಿಲೆಗೂ ಆಗುತ್ತದಲ್ಲ? ಗುರುತಿಸುವ ತಲೆನೋವೇ ಇಲ್ಲ.

ಮಂಜೇಶ್ವರ ಫಾರ್ಮಸಿ
ಎಲ್ಲರೂ ಹೀಗೇ ಯೋಚಿಸುವುದರಿಂದಲೇ ಇಷ್ಟು ಹಾಳಾದದ್ದು ಅಣ್ಣ. ಪೆಟ್ಟಿಗೆ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್ ಅಂತ ಇದ್ದರೆ ಅದು ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಎಲ್ಲಕ್ಕಿಂತ ಜೋರು. ಡಾಕ್ಟರು ಕೊಟ್ಟರೂ ಸಾಮಾನ್ಯವಾಗಿ ಎರಡು ವಾರ, ವಾರಕ್ಕೆ 50 ಗ್ರಾಂ ಮೀರಬಾರದು. ಅದರ ಜೊತೆ ಮೈಕೊನಜೋಲ್ ಅಥವಾ ಕ್ಲೋಟ್ರಿಮಜೋಲ್‌ನಂಥ ಫಂಗಸ್ ಮದ್ದು ಸೇರಿಸಿದರೆ ಫಂಗಸ್ ಪೂರ್ತಿ ಸಾಯುವ ಮೊದಲೇ ತುರಿಕೆ ನಿಂತುಬಿಡುತ್ತದೆ, ಜನ ಹಚ್ಚುವುದು ಬಿಡುತ್ತಾರೆ. ಈಗ ನಮ್ಮ ದೇಶದಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಅನ್ನುವ ಫಂಗಸ್ ಹಬ್ಬಿದೆ. ಟರ್ಬಿನಾಫಿನ್ ಮಾತ್ರೆಗೂ ಅದು ಸರಿಯಾಗಿ ಬಗ್ಗುವುದಿಲ್ಲ. ಹಾಗಾಗಿ ಅಂದಾಜಿಗೆ ಹಚ್ಚುವ ಕಾಲ ಮುಗಿಯಿತು. ಚರ್ಮ ಸ್ವಲ್ಪ ಕೆರೆದು ಕೆ.ಒ.ಎಚ್. ಪರೀಕ್ಷೆ ಮಾಡಿದರೆ ಫಂಗಸ್ ಇದೆಯಾ ಅಂತ ಬೇಗ ಗೊತ್ತಾಗುತ್ತದೆ.

ಅಡಿಕೆತೋಟ ಪೆರ್ಲ
ಫಂಗಸ್ ಅಂತ ಆದರೆ ಮನೆಯವರೆಲ್ಲ ತೋರಿಸಬೇಕಾ?

ಒ.ಪಿ. ಸಿಸ್ಟರ್
ತುರಿಕೆ ಇರುವವರೆಲ್ಲ ತೋರಿಸಬೇಕು. ಮೈ ಒರೆಸುವ ತೋರ್ತು, ಒಳಬಟ್ಟೆ, ಹಾಸಿಗೆ ಬಟ್ಟೆ ಹಂಚಿಕೊಳ್ಳಬೇಡಿ. ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ಮಳೆಗಾಲದಲ್ಲಿ ಇಸ್ತ್ರಿ ಹಾಕಿ. ಒದ್ದೆ ಒಳಬಟ್ಟೆ ಹಾಕಬೇಡಿ.

ನೀರ್ಚಾಲಿನವಳು
ಅಪ್ಪನಿಗೆ ಓದಿ ಹೇಳಿದೆ. ತೊಡೆ ಸಂದಿಗೆ ಹಚ್ಚುವುದು ನಿಲ್ಲಿಸುತ್ತೇನೆ, ಡಾಕ್ಟರಿಗೆ ತೋರಿಸುತ್ತೇನೆ ಅಂದರು. ಇನ್ನೊಂದು ಕೇಳಬೇಕು. ಕಣಕಾಲಿನ ಇಸಬು ಆಗಾಗ ಮರಳಿ ಬರುತ್ತದೆ. ಕಾಲಲ್ಲಿ ನರ ಉಬ್ಬಿದೆ, ಚರ್ಮ ಕಪ್ಪಾಗಿದೆ. ಪಕ್ಕದ ಮನೆಯವರು ಸ್ಟೀರಾಯ್ಡ್ ಜೊತೆ ನಿಯೊಮೈಸಿನ್ ಅನ್ನುವ ಆಂಟಿಬಯಾಟಿಕ್ ಇರುವ ಟ್ಯೂಬ್ ಕೊಟ್ಟು ಇದು ಹಗುರ, ತೊಂದರೆ ಇಲ್ಲ ಅಂದರು.

ಒ.ಪಿ. ಸಿಸ್ಟರ್
ಬೇಡ ಅಕ್ಕ. ಉಬ್ಬಿದ ನರದಿಂದ ಬರುವ ಇಸಬಿಗೆ ಮೂಲ ರಕ್ತ ಮೇಲೆ ಹೋಗದೆ ಕಾಲಲ್ಲಿ ನಿಲ್ಲುವುದು. ಕಾಲು ಎತ್ತರಕ್ಕೆ ಇಡುವುದು, ಡಾಕ್ಟರು ನೋಡಿ ಹೇಳಿದರೆ ಬಿಗಿ ಸಾಕ್ಸ್, ಅದೇ ಮುಖ್ಯ. ಮತ್ತೆ ಇಂಥ ಕಾಲಿಗೆ ನಿಯೊಮೈಸಿನ್ ಅಲರ್ಜಿ ಬೇಗ ಹತ್ತುತ್ತದೆ. ಜೊತೆಯಲ್ಲಿರುವ ಸ್ಟೀರಾಯ್ಡ್ ಆ ಅಲರ್ಜಿಯನ್ನೇ ಮುಚ್ಚಿಡುತ್ತದೆ. ಹಚ್ಚುತ್ತಾ ಇದ್ದರೂ ವಾಸಿ ಆಗುವುದಿಲ್ಲ, ಯಾಕೆ ಅಂತಲೂ ಗೊತ್ತಾಗುವುದಿಲ್ಲ. ತೆರೆದ ದೊಡ್ಡ ಹುಣ್ಣಿಗೆ ಹಚ್ಚಿದರೆ ಒಳಗೆ ಹೀರಿ ಕಿವಿಗೂ ತೊಂದರೆ ಮಾಡಬಹುದು.

ಮುಳ್ಳೇರಿಯಾ ಮೇಷ್ಟ್ರು
ಅಲರ್ಜಿ ಇದೆಯೋ ಇಲ್ಲವೋ ಅಂತ ತಿಳಿಯುವ ದಾರಿ ಉಂಟಾ? ನನಗೂ ಕಾಲಿಗೆ ಹಚ್ಚಿದ ಕಡೆಯೇ ಜಾಸ್ತಿ ತುರಿಸುತ್ತದೆ.

ಒ.ಪಿ. ಸಿಸ್ಟರ್
ಉಂಟು ಮೇಷ್ಟ್ರೇ, ಪ್ಯಾಚ್ ಟೆಸ್ಟ್. ಅಲರ್ಜಿ ತರಬಹುದಾದ ವಸ್ತುಗಳಿರುವ ಸಣ್ಣ ಸಣ್ಣ ಪಟ್ಟಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ, ತೆಗೆದು ನೋಡುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಮಾಡುವಂತಿಲ್ಲ, ಬೆವರುವ ಕೆಲಸವೂ ಬೇಡ. ಹಾಗಾಗಿ ಶಾಲೆಗೆ ರಜೆ ಇರುವಾಗ ಮಾಡಿಸಿಕೊಳ್ಳಿ. ಹಚ್ಚುತ್ತಿರುವ ಟ್ಯೂಬ್ ಪೆಟ್ಟಿಗೆ ಸಮೇತ ತನ್ನಿ. ಬೆನ್ನಿಗೆ ಸ್ಟೀರಾಯ್ಡ್ ಹಚ್ಚುತ್ತಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಲರ್ಜಿ ಇದ್ದರೂ ಇಲ್ಲ ಅಂತ ಬರಬಹುದು.